ಮಲ್ಟಿಪಲ್ ಸ್ಕ್ಲೆರೋಸಿಸ್: ಮಿದುಳಿನ ಗಾಯಗಳನ್ನು ಕಂಪ್ಯೂಟರಿನಲ್ಲಿ ಅಳೆದ ನನ್ನ ಅನುಭವ

ಮಿದುಳು ಮತ್ತು ಬೆನ್ನುಹುರಿಯನ್ನು ಕಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಇರುವವರ ಎಂಆರ್‌ಐ ಚಿತ್ರಗಳಲ್ಲಿ ಗಾಯಗಳನ್ನು ಗುರುತಿಸಿ ಅಳೆಯುವುದು ಹಲವು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸ. ನರತಂತುಗಳ ಮಯಲಿನ್ ಹೊದಿಕೆ ಹಾಳಾದ ಜಾಗಗಳು ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತವೆ. ಮಿದುಳಿನ ಕುಹರಗಳಲ್ಲಿರುವ ದ್ರವದ ಹೊಳಪನ್ನು ಆ ಚಿತ್ರ ಅಡಗಿಸುವುದರಿಂದ, ಕುಹರಗಳಿಗೆ ಅಂಟಿಕೊಂಡಿರುವ ಗಾಯಗಳೂ ಎದ್ದು ತೋರುತ್ತವೆ. ಅನುಭವವಿರುವ ರೇಡಿಯಾಲಜಿಸ್ಟರಿಗೆ ಇವನ್ನು ಕಾಣುವುದು ಕಷ್ಟವಲ್ಲ. ಹತ್ತಾರು ಗಾಯಗಳಿರುವ ಮಿದುಳಿನಲ್ಲಿ ಹಿಂದಿನ ಸ್ಕ್ಯಾನಿಗೂ ಈಗಿನದಕ್ಕೂ ಏನು ಬದಲಾಗಿದೆ ಎಂದು ಪದರ ಪದರವಾಗಿ ಹೋಲಿಸುವುದು ಕಷ್ಟ, ಮತ್ತು ಔಷಧವನ್ನು ಮುಂದುವರಿಸಬೇಕೇ ಬದಲಿಸಬೇಕೇ ಎಂಬ ತೀರ್ಮಾನದಲ್ಲಿ ಆ ಹೋಲಿಕೆಗೆ ದೊಡ್ಡ ಪಾತ್ರವಿದೆ.

ಮ್ಯೂನಿಕ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಲೀಷನ್ ಸೆಗ್ಮೆಂಟೇಷನ್ ಟೂಲ್ ಎಂಬ ತಂತ್ರಾಂಶದಿಂದ ನಾನು ಆರಂಭಿಸಿದೆ. ಅದು ಟಿ1 ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದ ಆಧಾರದ ಮೇಲೆ ಮಿದುಳನ್ನು ಬೂದು ದ್ರವ್ಯ, ಬಿಳಿ ದ್ರವ್ಯ ಮತ್ತು ದ್ರವ ಎಂದು ವಿಂಗಡಿಸಿ, ಪ್ರತಿಯೊಂದು ವರ್ಗದಲ್ಲೂ ಫ್ಲೇರ್ ಹೊಳಪು ಸಾಮಾನ್ಯವಾಗಿ ಎಷ್ಟಿರುತ್ತದೆ ಎಂದು ಲೆಕ್ಕಹಾಕಿ, ಅದನ್ನು ಮೀರಿದ ಬಿಂದುಗಳನ್ನು ಬೀಜವಾಗಿ ಹಿಡಿದು ಸುತ್ತಲಿನ ಹೊಳಪಿನ ಉದ್ದಕ್ಕೂ ಗಾಯವನ್ನು ಬೆಳೆಸುತ್ತದೆ. ಬೀಜವಾಗಲು ಎಷ್ಟು ಹೊಳಪು ಬೇಕು ಎಂಬ ಮಿತಿಯನ್ನು ನಾವೇ ಕೊಡಬೇಕು. ತಜ್ಞರು ಕೈಯಿಂದ ಗುರುತಿಸಿದ ಚಿತ್ರಗಳೊಡನೆ ಹೋಲಿಸಿ, ಪ್ರತಿ ಸ್ಕ್ಯಾನರಿಗೂ ಆ ಮಿತಿಯನ್ನು ಬೇರೆಯಾಗಿಯೇ ನಿಗದಿಪಡಿಸಿಕೊಂಡೆ. ನಂತರ ಎನ್‌ಎನ್‌ಯು-ನೆಟ್ ಬಂತು. ತರಬೇತಿಯ ಚಿತ್ರಗಳನ್ನು ನೋಡಿ ತನ್ನ ರಚನೆಯನ್ನು ತಾನೇ ಹೊಂದಿಸಿಕೊಳ್ಳುವ ಈ ಕೃತಕ ನರಜಾಲ ಸಣ್ಣ ಗಾಯಗಳನ್ನು ಹಿಡಿಯುವುದರಲ್ಲಿ ನನಗೆ ಹೆಚ್ಚು ನೆರವಾಗಿದೆ.

ಆದರೂ ಒಟ್ಟು ಗಾತ್ರದ ಒಂದೇ ಸಂಖ್ಯೆಯನ್ನು ವೈದ್ಯರ ಕೈಗೆ ಕೊಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ, ಮತ್ತು ಅದಕ್ಕೆ ಕಾರಣ ಸರಳವಾದ ಗಣಿತದಲ್ಲೇ ಇದೆ. ಒಂದು ವಾಕ್ಸೆಲ್, ಅಂದರೆ ಮೂರು ಆಯಾಮದ ಚಿತ್ರದ ಅತಿ ಚಿಕ್ಕ ಘಟಕ, 1 ಮಿಲಿಮೀಟರ್ ಬದಿಯ ಘನ ಎಂದುಕೊಳ್ಳೋಣ. ಬದಿಗೆ 3 ಮಿಲಿಮೀಟರ್ ಇರುವ ಘನಾಕಾರದ ಗಾಯದಲ್ಲಿ 27 ವಾಕ್ಸೆಲ್‌ಗಳಿರುತ್ತವೆ. ಗಡಿಯನ್ನು ಎಲ್ಲ ಕಡೆಗೂ ಒಂದೇ ಒಂದು ವಾಕ್ಸೆಲ್ ಹೊರಗೆ ಸರಿಸಿದರೆ ಅದು 125 ಆಗುತ್ತದೆ. ಎರಡು ಗುರುತುಗಳ ಹೊಂದಾಣಿಕೆಯನ್ನು ಅಳೆಯುವ, ಪೂರ್ತಿ ಹೊಂದಿದರೆ 1 ಆಗುವ ಡೈಸ್ ಅಂಕ ಆಗ ಸುಮಾರು 0.36ಕ್ಕೆ ಇಳಿಯುತ್ತದೆ; ಗುರುತಿಸಿದ ಇಬ್ಬರೂ ಅದೇ ಗಾಯವನ್ನು ಅದೇ ಜಾಗದಲ್ಲಿ ಕಂಡಿದ್ದರೂ ಅಂಕ ನೋಡಿದವರಿಗೆ ಅವರಿಬ್ಬರಲ್ಲಿ ಭಾರೀ ಭಿನ್ನಾಭಿಪ್ರಾಯವಿದೆ ಎನಿಸುತ್ತದೆ. ಬದಿಗೆ 30 ಮಿಲಿಮೀಟರ್ ಇರುವ ಗಾಯದಲ್ಲಾದರೆ ಅದೇ ವ್ಯತ್ಯಾಸ ಗಾತ್ರದ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪವಷ್ಟೇ ಹೆಚ್ಚು. ಹಾಗಾಗಿ ಗಾಯಗಳು ಚಿಕ್ಕದಾಗಿರುವ ಆರಂಭಿಕ ಹಂತದ ರೋಗಿಗಳಲ್ಲಿಯೇ ಈ ಅಳತೆ ಹೆಚ್ಚು ಅಲುಗಾಡುತ್ತದೆ. 2016ರಲ್ಲಿ ಅಥೆನ್ಸ್‌ನಲ್ಲಿ ನಡೆದ ಎಂಎಸ್‌ಸೆಗ್ ಎಂಬ, ಗಾಯ ಗುರುತಿಸುವ ತಂತ್ರಾಂಶಗಳ ಸ್ಪರ್ಧೆಯಲ್ಲಿ 53 ರೋಗಿಗಳ ಚಿತ್ರಗಳನ್ನು ಏಳು ಮಂದಿ ತಜ್ಞರು ಪ್ರತ್ಯೇಕವಾಗಿ ಗುರುತಿಸಿದ್ದರು. ಒಬ್ಬರ ಗುರುತನ್ನೇ ಸತ್ಯವೆಂದು ಹಿಡಿಯಲಾಗದು ಎಂಬ ಅರಿವು ಆ ಏರ್ಪಾಡಿನಲ್ಲೇ ಇದೆ.

ಬದಲಾವಣೆಯ ಅಳತೆ ಇದಕ್ಕಿಂತ ಗಟ್ಟಿ. ಎರಡು ಸ್ಕ್ಯಾನ್‌ಗಳಲ್ಲಿ ಒಂದನ್ನು ಇನ್ನೊಂದರ ಮೇಲೆ ಕೂರಿಸುವ ಬದಲು ಎರಡನ್ನೂ ನಡುವಿನ ಒಂದು ಸ್ಥಾನಕ್ಕೆ ತರುತ್ತೇನೆ, ಏಕೆಂದರೆ ಒಂದೇ ಚಿತ್ರವನ್ನು ತಿರುಗಿಸಿ ಮರುಲೆಕ್ಕಿಸಿದರೆ ಅದೊಂದೇ ಮಸುಕಾಗಿ, ಇಲ್ಲದ ಬದಲಾವಣೆ ಕಾಣಿಸಿಕೊಳ್ಳುತ್ತದೆ. ಹೊಳಪಿನ ಏರುಪೇರನ್ನು ಎನ್4 ವಿಧಾನದಿಂದ ಸರಿಪಡಿಸಿ, ಆನಂತರ ಒಂದರಿಂದ ಇನ್ನೊಂದನ್ನು ಕಳೆಯುತ್ತೇನೆ. ಇಷ್ಟಾದರೂ ಹಿಂದಿನ ಸ್ಕ್ಯಾನ್ 5 ಮಿಲಿಮೀಟರ್ ದಪ್ಪದ ಪದರಗಳಲ್ಲಿದ್ದು ಹೊಸದು 1 ಮಿಲಿಮೀಟರ್‌ನ 3ಡಿ ಫ್ಲೇರ್ ಆಗಿದ್ದರೆ ಯಾವ ಅಲ್ಗಾರಿದಮ್ಮೂ ಆ ಅಂತರವನ್ನು ತುಂಬಿಕೊಡಲಾರದು. ಹಣವನ್ನು ಎಲ್ಲಿ ಹಾಕಬೇಕು ಎಂದು ಕೇಳುವ ಆಸ್ಪತ್ರೆಗಳಿಗೆ ನನ್ನ ಉತ್ತರ ಒಂದೇ: ಪ್ರತಿ ಬಾರಿಯೂ ಸಾಧ್ಯವಾದಷ್ಟು ಅದೇ ಯಂತ್ರ, ಅದೇ ವಿಧಾನ, ತಂತ್ರಾಂಶದ ಮಾತು ಆಮೇಲೆ.

ಯಂತ್ರ ಗುರುತಿಸಿದ ಪ್ರತಿಯೊಂದು ಹೊಸ ಗಾಯವನ್ನೂ ನಾನು ಕಣ್ಣಾರೆ ನೋಡುತ್ತೇನೆ. ಎರಡು ಕುಹರಗಳ ನಡುವಿನ ತೆಳು ಪೊರೆ, ಕುಹರಗಳ ತುದಿಯಲ್ಲಿ ಆರೋಗ್ಯವಂತರಲ್ಲೂ ಕಾಣುವ ಬಿಳಿ ಟೋಪಿ, ಕಿರುಮಿದುಳಿನ ಬಳಿ ದ್ರವದ ಹರಿವು ಮೂಡಿಸುವ ಹೊಳಪು, ಇವು ಪದೇ ಪದೇ ಗಾಯಗಳಂತೆ ನುಸುಳುತ್ತವೆ. ಮಿದುಳುಕಾಂಡದ ನಿಜವಾದ ಗಾಯಗಳು ಫ್ಲೇರ್‌ನಲ್ಲಿ ಮಂಕಾಗಿ ತಪ್ಪಿಸಿಕೊಳ್ಳುವುದೂ ಉಂಟು, ಅಲ್ಲಿ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರವನ್ನು ನೋಡಲೇಬೇಕು.

ಈಗ ನಾನು ಕೊಡುವ ವರದಿಯಲ್ಲಿ ಹೊಸ ಗಾಯಗಳು ಮತ್ತು ದೊಡ್ಡದಾದ ಗಾಯಗಳು ಎಷ್ಟು ಎಂಬುದು ಮೊದಲು ಬರುತ್ತದೆ, ಅವು ಇರುವ ಜಾಗ ಅದರ ಜೊತೆಗೆ, ಒಟ್ಟು ಗಾತ್ರ ಕೊನೆಯಲ್ಲಿ. ಕುಹರದ ಪಕ್ಕದ ದೊಡ್ಡ ಗಾಯವೊಂದು ಯಾವ ಲಕ್ಷಣವನ್ನೂ ತೋರದೆ ಇರಬಹುದು, ಬೆನ್ನುಹುರಿಯ ಪುಟ್ಟ ಗಾಯ ನಡಿಗೆಯನ್ನೇ ಕೆಡಿಸಬಹುದು. ಆದ್ದರಿಂದ ಬೆನ್ನುಹುರಿ ಈ ಅಳತೆಯಲ್ಲಿ ಸೇರಿಲ್ಲ ಎಂಬ ವಾಕ್ಯವನ್ನು ಒಟ್ಟು ಗಾತ್ರದ ಸಂಖ್ಯೆಯ ಪಕ್ಕದಲ್ಲೇ ಬರೆಯುತ್ತೇನೆ.