ಗಂಟೆಗೆ 12.21 ಪೌಂಡ್, ಕೈಗೆ ಎಷ್ಟು?

2025ರ ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ ಓದಲು ಹಾಸನದಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದೆ. ತರಗತಿಗಳು ನಡೆಯುವ ಅವಧಿಯಲ್ಲಿ ನನ್ನ ವೀಸಾದ ಮೇಲೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಒಂದು ಕೆಫೆಯಲ್ಲಿ ಕೆಲಸ ಸಿಕ್ಕಿತು. 21 ತುಂಬಿದವರಿಗೆ ಆಗಿದ್ದ ಕನಿಷ್ಠ ವೇತನವೇ ನನ್ನ ಸಂಬಳ: ಗಂಟೆಗೆ 12.21 ಪೌಂಡ್.

ಮೊದಲ ತಿಂಗಳು ನಾನು ಎಣಿಸಿದ್ದು 88 ಗಂಟೆ, ಸಂಬಳದ ಚೀಟಿಯಲ್ಲಿ ಇದ್ದದ್ದು 80. ಐದೂವರೆ ಗಂಟೆಯ ಪ್ರತಿ ಪಾಳಿಯಲ್ಲೂ ಅರ್ಧ ಗಂಟೆಯ ವಿರಾಮಕ್ಕೆ ಕೂಲಿ ಇಲ್ಲವೆಂದು ಒಪ್ಪಂದದಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಅಂದಿನಿಂದ ಪಾಳಿಯ ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ವಿರಾಮವನ್ನು ಕಳೆಯುತ್ತೇನೆ.

ಅದಕ್ಕಿಂತ ದೊಡ್ಡ ಪೆಟ್ಟು ತೆರಿಗೆಯ ಸಾಲಿನಲ್ಲಿತ್ತು. 976.80 ಪೌಂಡಿನಲ್ಲಿ 195.20 ಕಡಿತವಾಗಿ ಕೈಗೆ ಬಂದದ್ದು 781.60. ಬಾಡಿಗೆ ಕೊಡುವ ವಾರವದು, ಎದೆ ಧಸಕ್ಕೆಂದಿತು. ಚೀಟಿಯ ಮೂಲೆಯಲ್ಲಿ ತೆರಿಗೆ ಕೋಡ್ ‘ಬಿಆರ್’ ಎಂದಿತ್ತು. ಹಾಗೆಂದರೆ ವಿನಾಯಿತಿಯೇ ಇಲ್ಲದೆ ಇಡೀ ಸಂಬಳಕ್ಕೆ ಶೇ 20. ಕೆಲಸಕ್ಕೆ ಸೇರುವಾಗ ತುಂಬಿದ ನಮೂನೆಯಲ್ಲಿ ‘ಬೇರೆ ಕೆಲಸವೂ ಇದೆ’ ಎಂಬ ಹೇಳಿಕೆಗೆ ನಾನೇ ಗುರುತು ಹಾಕಿದ್ದೆ. ಊರಿನ ಹಳೆಯ ಕೆಲಸವನ್ನು ಕೇಳುತ್ತಿದ್ದಾರೆಂದು ಭಾವಿಸಿದ್ದೆ. ತೆರಿಗೆ ಇಲಾಖೆಗೆ ಫೋನ್ ಮಾಡಿ ವಿವರಿಸಿದ ಮೇಲೆ ಕೋಡ್ ‘1257ಎಲ್’ ಆಯಿತು. ಮುಂದಿನ ತಿಂಗಳ ಸಂಬಳದ ಜೊತೆಗೇ 195.20 ಪೌಂಡ್ ಮರಳಿತು.

ಅಲ್ಲಿಂದ ನನಗೆ ಲೆಕ್ಕದ ಗುಟ್ಟು ಹೊಳೆಯಿತು. ಈ ಕೋಡ್ ಇದ್ದರೆ ಆದಾಯ ತೆರಿಗೆ ಇಡೀ ವರ್ಷವನ್ನು ನೋಡುತ್ತದೆ. ಏಪ್ರಿಲ್ 6ರಿಂದ ಶುರುವಾಗುವ ವರ್ಷಕ್ಕೆ 12,570 ಪೌಂಡ್ ವಿನಾಯಿತಿ. ನಾನು ದುಡಿಯದ ತಿಂಗಳುಗಳ ಪಾಲೂ ನನ್ನ ಲೆಕ್ಕದಲ್ಲೇ ಉಳಿದಿತ್ತು. ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಸಂಬಳದಲ್ಲೇ ಕಡಿತವಾಗುವ ಸಾಮಾಜಿಕ ಭದ್ರತೆಯ ವಂತಿಗೆ, ಹಾಗಲ್ಲ, ಆಯಾ ತಿಂಗಳನ್ನು ಮಾತ್ರ ನೋಡುತ್ತದೆ. 1,048 ಪೌಂಡ್ ದಾಟಿದರೆ ದಾಟಿದ ಭಾಗಕ್ಕೆ ಶೇ 8. ಹಿಂದಿನ ತಿಂಗಳು ಕಡಿಮೆ ದುಡಿದಿದ್ದೆ ಎಂದರೆ ನಡೆಯುವುದಿಲ್ಲ. ಗಂಟೆಯ ಕೂಲಿಯಲ್ಲಿ ಇಷ್ಟು ಶೇಕಡ ಹೋಗುತ್ತದೆ ಎಂದು ಒಂದೇ ಏಟಿಗೆ ಕಳೆಯುವವರ ಲೆಕ್ಕ ತಪ್ಪುವುದು ಇಲ್ಲೇ.

22 ತುಂಬಿದವರಿಗೆ ಪಿಂಚಣಿಯ ಕಡಿತವೂ ಸೇರಬಹುದು. ನನ್ನ ಕೋಣೆಯ ಗೆಳತಿಗೆ 24, ಆಕೆಗೆ ಅದು ಬಿತ್ತು. ಬೇಡವೆಂದರೆ ಸೇರಿಸಿದ ಒಂದು ತಿಂಗಳೊಳಗೆ ತಿಳಿಸಿದರೆ ಕಡಿತವಾದ ಹಣ ವಾಪಸ್ ಬರುತ್ತದೆ. ಆದರೆ ಮಾಲೀಕರೂ ತಮ್ಮ ಪಾಲು ಹಾಕುತ್ತಾರಾದ್ದರಿಂದ ಯೋಚಿಸಿ ನಿರ್ಧರಿಸಬೇಕು.

ಕ್ರಿಸ್‌ಮಸ್ ರಜೆಯಲ್ಲಿ ಹೆಚ್ಚು ದುಡಿಯಲು ಅವಕಾಶವಿತ್ತು, ಆ ತಿಂಗಳು 120 ಗಂಟೆಯಾಯಿತು. ಒಟ್ಟು 1,465.20. ಅದರಲ್ಲಿ 1,048 ಕಳೆದರೆ 417.20, ಅದರ ಶೇ 8 ಎಂದರೆ 33.38. ಆದಾಯ ತೆರಿಗೆ ಸೊನ್ನೆ. ಸಂಬಳದ ಹಿಂದಿನ ರಾತ್ರಿಯೇ ಅಮ್ಮನಿಗೆ ಫೋನಿನಲ್ಲಿ 1,431.82 ಎಂದು ಹೇಳಿದ್ದೆ. ಬೆಳಿಗ್ಗೆ ಖಾತೆಗೆ ಪೆನ್ನಿಯೂ ವ್ಯತ್ಯಾಸವಿಲ್ಲದೆ ಅಷ್ಟೇ ಬಂದಿತ್ತು.