ಬಂದಿದೆ, ಉದ್ಭವಿಸುವುದಿಲ್ಲ, ಅನುಬಂಧದಲ್ಲಿದೆ

ವಿಧಾನ ಪರಿಷತ್ತಿನಲ್ಲಿ ಕೇಳಲಿಕ್ಕೆ ನಾನು ಬರೆದ ಮೊದಲ ಪ್ರಶ್ನೆಗೆ ಸರ್ಕಾರದಿಂದ ಬಂದ ಉತ್ತರ ಮೂರೇ ಸಾಲು. (ಅ) ಬಂದಿದೆ. (ಆ) ಅಗತ್ಯ ಕ್ರಮ ವಹಿಸಲಾಗುತ್ತಿದೆ. (ಇ) ಉದ್ಭವಿಸುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಣ್ಣ ಆ ಹಾಳೆಯನ್ನು ಚಹಾದ ಲೋಟದ ಅಡಿಗೆ ಇಟ್ಟು, "ಎಂತ ಮಾರಾಯ, ಒಂದು ವಾರ ಕೂತು ಬರೆದದ್ದು ಇದಕ್ಕಾ?" ಎಂದರು. ಬೈದದ್ದಲ್ಲ. ಬೈದಿದ್ದರೆ ಮರೆತು ಹೋಗುತ್ತಿತ್ತು.

ಕೇಳಿದ್ದು ಹೀಗೆ: "ಕರಾವಳಿ ಜಿಲ್ಲೆಗಳಲ್ಲಿ ಕೋಮು ಸೌಹಾರ್ದಕ್ಕೆ ಧಕ್ಕೆ ತರುವ ಘಟನೆಗಳು ಹೆಚ್ಚುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು, ಕೈಗೊಳ್ಳದಿದ್ದಲ್ಲಿ ಕಾರಣಗಳೇನು?" ನೋಡಲಿಕ್ಕೆ ಗಟ್ಟಿ ಪ್ರಶ್ನೆ. ಗಮನಕ್ಕೆ ಬಂದಿದೆಯೇ ಎಂದು ಕೇಳಿದೆ, ಬಂದಿದೆ ಎಂದರು. ಕ್ರಮ ಕೈಗೊಳ್ಳುತ್ತಿರುವುದರಿಂದ ಕೈಗೊಳ್ಳದಿರುವ ಕಾರಣ ಉದ್ಭವಿಸುವುದೇ ಇಲ್ಲ. ಉತ್ತರದಲ್ಲಿ ಒಂದು ತಪ್ಪೂ ಇಲ್ಲ. ತಪ್ಪೆಲ್ಲ ನನ್ನದೇ.

ನಾನು ಉಡುಪಿಯ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿದ್ದವನು. 2018ರಲ್ಲಿ ವಿಧಾನ ಪರಿಷತ್ತಿನ ಸದಸ್ಯರೊಬ್ಬರಿಗೆ ಪ್ರಶ್ನೆ, ಸೂಚನೆ, ಭಾಷಣ ತಯಾರು ಮಾಡಿಕೊಡುವ ಕೆಲಸಕ್ಕೆ ಸೇರಿದೆ. ಆರು ವರ್ಷ ಮಾಡಿದೆ. ಊರಿನವರೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ. ಪಕ್ಷ ಯಾವುದೆಂದು ಬರೆಯುವುದಿಲ್ಲ. ಬರೆದರೆ ನೀವು ಉಳಿದದ್ದನ್ನು ಓದುವ ರೀತಿಯೇ ಬೇರೆಯಾಗುತ್ತದೆ, ನಮ್ಮ ಊರು ಹಾಗಾಗಿದೆ. ಆ ಆರು ವರ್ಷದಲ್ಲಿ ಸರ್ಕಾರ ಎರಡು ಸಲ ಬದಲಾದ ಕಾರಣ ಆಡಳಿತದ ಬೆಂಚು, ವಿರೋಧದ ಬೆಂಚು ಎರಡೂ ಕಂಡೆವು ಎಂದಷ್ಟೇ ಹೇಳಬಲ್ಲೆ.

ಪ್ರಶ್ನೆ ಬರೆಯುವುದನ್ನು ನನಗೆ ಕಲಿಸಿದ್ದು ಸಚಿವಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ಹಿರಿಯರು. ಅವರು ಹೇಳಿದ್ದು ಒಂದೇ ಮಾತು: "ಅನುಬಂಧ ಇಲ್ಲದೆ ಉತ್ತರ ಕೊಡಲಿಕ್ಕೆ ಆಗಬಾರದು, ಹಾಗೆ ಕೇಳಿ." ಅಂದರೆ ಉತ್ತರದ ಹಿಂದೆ ಒಂದು ಪಟ್ಟಿ ಲಗತ್ತಿಸಲೇಬೇಕು. ಪಟ್ಟಿ ಬಂದರೆ ಅದರಲ್ಲಿ ಅಂಕಿ ಇರುತ್ತದೆ. ಅಂಕಿ ಇದ್ದರೆ ಮುಂದಿನ ಅಧಿವೇಶನದಲ್ಲಿ ಅದೇ ಅಂಕಿ ಹಿಡಿದು ಮತ್ತೆ ಕೇಳಬಹುದು.

ಹಾಗಾಗಿ ಎರಡನೇ ಸಲ ನಾನು ಭಾರತೀಯ ದಂಡ ಸಂಹಿತೆಯ 153ಎ ಕಲಮನ್ನು ಹಿಡಿದುಕೊಂಡೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಅಪರಾಧ ಅದು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 196 ಇದೆ. ಈ ಕಲಮಿನಲ್ಲಿ ಎಫ್‌ಐಆರ್ ಹಾಕಲಿಕ್ಕೆ ಠಾಣೆಗೆ ಯಾರ ಅನುಮತಿಯೂ ಬೇಡ. ಆದರೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಎಫ್‌ಐಆರ್ ಆದ ದಿನ ಪೇಪರಿನಲ್ಲಿ ಬರುತ್ತದೆ, ಅನುಮತಿಗೆ ಹೋದ ಕಡತ ಎಲ್ಲಿದೆ ಎಂದು ಯಾವ ಪೇಪರೂ ಬರೆಯುವುದಿಲ್ಲ. ನಾನು ಮೆಟ್ಟಿಲು ಮೆಟ್ಟಿಲಾಗಿ ಕೇಳಿದೆ: ದಾಖಲಾದ ಪ್ರಕರಣ ಎಷ್ಟು, ಅನುಮತಿ ಕೋರಿದ್ದು ಎಷ್ಟು, ಕೊಟ್ಟದ್ದು ಎಷ್ಟು, ಸಾಕ್ಷ್ಯ ಸಾಲದೆಂದು ಪೊಲೀಸರೇ ಪ್ರಕರಣ ಮುಗಿಸುವ ಬಿ ರಿಪೋರ್ಟ್ ಎಷ್ಟು, ದೋಷಾರೋಪ ಪಟ್ಟಿ ಎಷ್ಟು, ಶಿಕ್ಷೆ ಎಷ್ಟು. ವರ್ಷವಾರು, ಠಾಣಾವಾರು.

ಅನುಬಂಧ ಬಂತು. ನೋಡಿದರೆ ಸುರತ್ಕಲ್ ಇಲ್ಲ, ಉಳ್ಳಾಲ ಇಲ್ಲ, ಬಜ್ಪೆ ಇಲ್ಲ! ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಕಡೆಯ ಠಾಣೆಗಳು ಮಾತ್ರ. ಮಾಹಿತಿ ಮುಚ್ಚಿಟ್ಟಿದ್ದಾರೆ ಎಂದು ಅಣ್ಣನ ಹತ್ತಿರ ಹಾರಾಡಿದೆ. ಮುಚ್ಚಿಟ್ಟದ್ದೇನೂ ಅಲ್ಲ. 2010ರಲ್ಲಿ ಮಂಗಳೂರು ನಗರಕ್ಕೆ ಪೊಲೀಸ್ ಕಮಿಷನರೇಟ್ ಆದ ಮೇಲೆ ಪೊಲೀಸ್ ಲೆಕ್ಕದಲ್ಲಿ ದಕ್ಷಿಣ ಕನ್ನಡ ಎರಡು ಘಟಕ. ನಾನು "ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿ" ಎಂದು ಬರೆದಿದ್ದೆ. ಅವರು ಅಷ್ಟನ್ನೇ ಕೊಟ್ಟರು. ಕಂದಾಯ ಇಲಾಖೆಗೆ ಒಂದು ಜಿಲ್ಲೆ, ಪೊಲೀಸರಿಗೆ ಎರಡು. ಮಂಗಳೂರಿನ ಬಗ್ಗೆ ಬರೆಯುವ ಎಷ್ಟೋ ಪತ್ರಕರ್ತ ಮಿತ್ರರು ಈಗಲೂ ಇದೇ ಹಳ್ಳಕ್ಕೆ ಬೀಳುವುದನ್ನು ನೋಡಿದ್ದೇನೆ. ಮುಂದಿನ ಅಧಿವೇಶನದವರೆಗೆ ಕಾಯಬೇಕಾಯಿತು.

ಪಟ್ಟಿ ಪೂರ್ತಿ ಕೈಗೆ ಬಂದ ಮೇಲೆ ಇನ್ನೊಂದು ತಲೆನೋವು ಶುರುವಾಯಿತು. ಕಚೇರಿಗೆ ಬಂದ ಕಾರ್ಯಕರ್ತರೊಬ್ಬರು, "ನಮ್ಮ ಹುಡುಗರ ಮೇಲೆ ಹಾಕಿದ ಕೇಸುಗಳನ್ನು ಮಾತ್ರ ಎತ್ತಿ ಅಣ್ಣಾ, ಅವರದ್ದು ನಮಗೆ ಎಂತಕ್ಕೆ?" ಎಂದರು. ಅಣ್ಣ ನನ್ನ ಮುಖ ನೋಡಿದರು. ನಾನು ಹೇಳಿದ್ದು ನೀತಿಯ ಮಾತಲ್ಲ, ಲೆಕ್ಕದ ಮಾತು: ಅರ್ಧ ಪಟ್ಟಿ ಓದಿದರೆ ಉಳಿದರ್ಧವನ್ನು ಎದುರು ಬೆಂಚಿನವರು ಓದುತ್ತಾರೆ, ಆಮೇಲೆ ಸದನದಲ್ಲಿ ಗಲಾಟೆ, ಸಭಾಪತಿಗಳು ಮುಂದಿನ ಪ್ರಶ್ನೆಗೆ ಹೋಗುತ್ತಾರೆ, ಅನುಮತಿಗೆ ಹೋದ ಕಡತ ಇದ್ದಲ್ಲೇ ಇರುತ್ತದೆ. ಅಣ್ಣ ಪೂರ್ತಿ ಪಟ್ಟಿ ಓದಿದರು. ಆ ಕಾರ್ಯಕರ್ತರು ನಂತರ ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಪ್ರಶ್ನೆಯಲ್ಲಿ ಆರೋಪ ಇರಬಾರದು, ವ್ಯಂಗ್ಯ ಇರಬಾರದು, ಅಭಿಪ್ರಾಯ ಕೇಳಬಾರದು, ನ್ಯಾಯಾಲಯದ ಮುಂದಿರುವ ವಿಷಯ ಇರಬಾರದು ಎಂಬ ನಿಯಮಗಳುಂಟು. ಮೊದಲು ಇವೆಲ್ಲ ಬಾಯಿ ಕಟ್ಟುವ ತಂತ್ರ ಎನಿಸುತ್ತಿತ್ತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧದ ಪ್ರತಿಭಟನೆಯ ವೇಳೆ ಗೋಲಿಬಾರ್ ಆಗಿ ಇಬ್ಬರು ಸತ್ತ ಮೇಲೆ ಈ ನಿಯಮಗಳೊಳಗೇ ದಾರಿ ಹುಡುಕುವುದನ್ನು ಕಲಿತೆ. ಗುಂಡು ಹಾರಿಸಿದ್ದು ಸರಿಯೇ ತಪ್ಪೇ ಎಂಬುದು ಮ್ಯಾಜಿಸ್ಟೀರಿಯಲ್ ವಿಚಾರಣೆಯಲ್ಲಿತ್ತು, ಅದನ್ನು ಮುಟ್ಟುವ ಹಾಗಿಲ್ಲ. ಆದರೆ ಆಗ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದರಲ್ಲ, ಆ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿ ಯಾವ ದರ್ಜೆಯವರು, 2017ರ ನಿಯಮದಂತೆ ಪರಿಶೀಲನಾ ಸಮಿತಿ ಸಭೆ ಸೇರಿತೇ, ಸೇರಿದ್ದರೆ ಯಾವ ದಿನ, ಆದೇಶದ ಪ್ರತಿ ಒದಗಿಸುವುದು. ಇದಕ್ಕೆ ಯಾರೂ ಬೇಡ ಎನ್ನುವ ಹಾಗಿಲ್ಲ. ಇಂಥ ಆದೇಶಗಳನ್ನು ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕಾಶ್ಮೀರದ ಪ್ರಕರಣದಲ್ಲಿ ಹೇಳಿದ್ದೂ ನಮ್ಮ ಕೈಗೆ ಬಂತು.

ಇನ್ನು ಕಡಲು. ಕಡಲಿನ ವಿಷಯದಲ್ಲಿ ನಾನು ಅಂಗಾಲಿನಿಂದ ಕಲಿತೆ, ಅಂದರೆ ಮಲ್ಪೆಯ ಬಂದರಿನಲ್ಲಿ ಮೀನಿನ ನೀರು ತುಳಿದುಕೊಂಡು.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಹದಿಮೂರಕ್ಕೆ ಹೊರಟದ್ದು, ಹದಿನೈದರ ನಂತರ ಸಂಪರ್ಕವಿಲ್ಲ. ಉಡುಪಿಯವರೂ ಇದ್ದರು, ಉತ್ತರ ಕನ್ನಡದವರೂ ಇದ್ದರು. ಜನವರಿಯಲ್ಲಿ ಮೀನುಗಾರರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೆದ್ದಾರಿಗೆ ಇಳಿದರು. ನಮ್ಮ ಕೈಯಲ್ಲಿ ಏನಿತ್ತು? ಬೆಳಗಾವಿ ಅಧಿವೇಶನ ಮುಗಿದಿತ್ತು, ಮುಂದಿನದು ಫೆಬ್ರವರಿಗೆ. ಸದನ ಇಲ್ಲದ ದಿನಗಳಲ್ಲಿ ಸದಸ್ಯನ ಪ್ರಶ್ನೆಗೆ ಬೆಲೆ ಇಲ್ಲ, ಪತ್ರ ಬರೆಯಬಹುದು ಅಷ್ಟೆ. ಬರೆದೆವು. ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಆಚೆ, ನೌಕಾಪಡೆಗೆ.

ಆ ತಿಂಗಳುಗಳಲ್ಲಿ ನನಗೆ ಅರ್ಥವಾದದ್ದು, ಕಡಲಿನಲ್ಲಿ ಯಾರನ್ನು ಕೇಳಬೇಕು ಎಂಬುದೇ ಮೊದಲ ಪ್ರಶ್ನೆ ಎಂದು. ರಾಜ್ಯಕ್ಕೆ ಕರಾವಳಿ ಕಾವಲು ಪೊಲೀಸ್ ಇದೆ. ಅದರ ಮುಖ್ಯ ಕಚೇರಿ ಮಲ್ಪೆಯಲ್ಲೇ, ಮಂಗಳೂರಿನಿಂದ ಕಾರವಾರದವರೆಗೆ ಒಂಬತ್ತು ಠಾಣೆ. ಅವರ ಕೆಲಸ ದಡಕ್ಕೆ ಹತ್ತಿರದ ನೀರಿನಲ್ಲಿ. ಹನ್ನೆರಡು ನಾಟಿಕಲ್ ಮೈಲಿ ದಾಟಿದರೆ ಕೋಸ್ಟ್ ಗಾರ್ಡ್, ಅದು ಕೇಂದ್ರದ್ದು. ಆಳಸಮುದ್ರಕ್ಕೆ ಹೋಗುವ ಬೋಟು ಈ ಗೆರೆಯನ್ನು ಬೆಳಗಿನ ಚಹಾದ ಹೊತ್ತಿಗೇ ದಾಟಿರುತ್ತದೆ. ಬೆಂಗಳೂರಿನಲ್ಲಿ ಕೇಳಿದರೆ "ಕೇಂದ್ರಕ್ಕೆ ಸಂಬಂಧಿಸಿದ್ದು", ದಿಲ್ಲಿಯಲ್ಲಿ ಕೇಳಿದರೆ "ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯಪಟ್ಟಿಯ ವಿಷಯ". ಎರಡೂ ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಸರಿ.

ಹಾಗಾಗಿ ಪ್ರಶ್ನೆಯನ್ನು ಮೀನು ಹೆಚ್ಚಿದ ಹಾಗೆ ಎರಡು ತುಂಡು ಮಾಡಿದೆ. ಸ್ಪೀಡ್ ಬೋಟು ಎಷ್ಟು, ದುರಸ್ತಿಯಲ್ಲಿ ಎಷ್ಟು, ಡೀಸೆಲಿಗೆ ಎಷ್ಟು ಅನುದಾನ, ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು ಎಂಬ ತುಂಡು ನಮ್ಮ ಪರಿಷತ್ತಿಗೆ. ಬೋಟು ಎಲ್ಲಿದೆ ಎಂದು ತಿಳಿಸುವ ಟ್ರಾನ್ಸ್‌ಪಾಂಡರ್, ಶೋಧದ ವೇಳೆ ರಾಜ್ಯ ರಾಜ್ಯಗಳ ನಡುವಿನ ಸಂಪರ್ಕ ಎಂಬ ತುಂಡನ್ನು ಒಬ್ಬ ಸಂಸದರ ಕಚೇರಿಯ ಗೆಳೆಯನಿಗೆ ಕೊಟ್ಟೆ. ಅಲ್ಲಿ 15 ದಿನ ಮೊದಲು ನೋಟಿಸು ಕೊಡಬೇಕು, ಚೀಟಿ ಎತ್ತಬೇಕು. ಲೋಕಸಭೆಯಲ್ಲಿ ದಿನಕ್ಕೆ ಮೌಖಿಕ ಉತ್ತರದ ಪ್ರಶ್ನೆ 20, ಬರಹದ ಉತ್ತರದ್ದು 230. ಅದೃಷ್ಟ ಇದ್ದರೆ ಉಂಟು.

ಇದರ ನಡುವೆ ನಾನು ಮಾಡಿದ ದೊಡ್ಡ ತಪ್ಪು ಒಂದನ್ನು ಹೇಳಬೇಕು. 26/11 ಆದ ಮೇಲೆ ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂತಲ್ಲ. ಮಲ್ಪೆಯ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಹಳ. ನಾನು ಬರೆದೆ: "ಗುರುತಿನ ಚೀಟಿ ಇಲ್ಲದ ಹೊರರಾಜ್ಯದ ಕಾರ್ಮಿಕರಿಂದ ಕರಾವಳಿಯ ಭದ್ರತೆಗೆ ಅಪಾಯ ಉಂಟಾಗಿರುವುದು..." ಮಲ್ಪೆಗೆ ಹೋದಾಗ ಪರಿಚಯದ ತಾಂಡೇಲರೊಬ್ಬರಿಗೆ, ಅಂದರೆ ಬೋಟು ನಡೆಸುವ ಮುಖ್ಯಸ್ಥರೊಬ್ಬರಿಗೆ, ಹೆಮ್ಮೆಯಿಂದ ಓದಿ ಹೇಳಿದೆ. ಅವರು ಬೀಡಿ ಆರಿಸಿದರು.

"ಅಪಾಯ ಯಾರಿಗೆ ಮಾರ್ರೆ? ಆ ಹುಡುಗ ನನ್ನ ಬೋಟಿನಲ್ಲಿ ಆರು ವರ್ಷದಿಂದ ಇದ್ದಾನೆ. ಗಾಳಿ ಎದ್ದಾಗ ನನ್ನ ಕೈ ಹಿಡಿದವನು ಅವನೇ. ಕಾರ್ಡು ಇಲ್ಲ ಅಂತ ಬಿಟ್ಟು ಹೋದರೆ ಬಲೆ ಎಳೆಯುವುದು ನೀವಾ? ಕರ್ಕೊಂಡು ಹೋದರೆ ನನಗೆ ಕೇಸು. ಕಾರ್ಡು ಮಾಡಿಸಿ ಕೊಡಲಿಕ್ಕೆ ಕೇಳಿ ಅಲ್ಲಿ."

ವಾಪಸು ಬರುವಾಗ ಬಸ್ಸಿನಲ್ಲೇ ಅದನ್ನು ಹೊಡೆದು ಹಾಕಿದೆ. ಹೊಸದು ಹೀಗಾಯಿತು: ಹೊರರಾಜ್ಯದ ಮೀನುಗಾರಿಕಾ ಕಾರ್ಮಿಕರು ಗುರುತಿನ ಚೀಟಿಗೆ ಎಲ್ಲಿ ಅರ್ಜಿ ಸಲ್ಲಿಸಬೇಕು, ವಿಳಾಸಕ್ಕೆ ಯಾವ ದಾಖಲೆ ಒಪ್ಪುತ್ತಾರೆ, ಅರ್ಜಿಯಿಂದ ಚೀಟಿಯವರೆಗೆ ಎಷ್ಟು ದಿನ, ಜೂನ್ 1ರಿಂದ ಜುಲೈ 31ರ ನಿಷೇಧದ ಅವಧಿ ಮುಗಿದು ಕಾರ್ಮಿಕರು ಮರಳುವ ಹೊತ್ತಿಗೆ ಬಂದರಿನಲ್ಲೇ ಶಿಬಿರ ನಡೆಸುವ ಪ್ರಸ್ತಾವ ಇದೆಯೇ. ವಿಷಯ ಅದೇ, ಭದ್ರತೆಯೇ. ಮೊದಲಿನದು ಸದನದಲ್ಲಿ ಓದಿದ್ದರೆ ಮರುದಿನ ಬಂದರಿನಲ್ಲಿ ಆ ಹುಡುಗರನ್ನು ಜನ ನೋಡುವ ನೋಟ ಹೇಗಿರುತ್ತಿತ್ತು ಎಂದು ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ವ್ಯಾಕರಣದ ತಪ್ಪನ್ನು ಯಾರಾದರೂ ತಿದ್ದುತ್ತಾರೆ; ಇಂಥದ್ದನ್ನು ತಾಂಡೇಲರೇ ತಿದ್ದಬೇಕಾಯಿತು.

ಉಪಪ್ರಶ್ನೆ ಇನ್ನೊಂದು ಕಲೆ. ಚುಕ್ಕೆ ಗುರುತಿನ ಪ್ರಶ್ನೆಗೆ, ಅಂದರೆ ಸದನದಲ್ಲಿ ಮೌಖಿಕವಾಗಿ ಉತ್ತರಿಸಬೇಕಾದ ಪ್ರಶ್ನೆಗೆ, ಮಂತ್ರಿ ಉತ್ತರ ಕೊಟ್ಟ ಮೇಲೆ ಎದ್ದು ಕೇಳಲಿಕ್ಕೆ ಸಿಗುವುದು ಅರೆ ನಿಮಿಷ. ಮೊದಲೆಲ್ಲ ಒಂದು ಪುಟ ಬರೆದು ಕೊಡುತ್ತಿದ್ದೆ. ಅಣ್ಣ ಓದಲು ಶುರು ಮಾಡುವಷ್ಟರಲ್ಲಿ "ಪ್ರಶ್ನೆ ಕೇಳಿ, ಭಾಷಣ ಬೇಡ" ಎಂದು ಕೂಗು. ಕೊನೆಗೆ ಬಸ್ ಟಿಕೆಟಿನಷ್ಟು ಚೀಟಿಯಲ್ಲಿ ಎರಡು ಸಾಲು: "ಅನುಬಂಧ ಎರಡು, ಕಾಲಂ ನಾಲ್ಕು. ಇಷ್ಟು ಬಾಕಿ ಯಾಕೆ, ಯಾವ ದಿನಾಂಕದೊಳಗೆ?" ದಿನಾಂಕ ಎಂಬ ಪದಕ್ಕೆ ಮಂತ್ರಿಗಳು ಹೆದರುವಷ್ಟು ಗದ್ದಲಕ್ಕೆ ಹೆದರುವುದಿಲ್ಲ. ಅಣ್ಣನ ಬಾಯಲ್ಲಿ "ಉಂಟಾ ಇಲ್ವಾ ಹೇಳಿ" ಎಂಬುದು ಬಂದಾಗ ಬಯಲುಸೀಮೆಯ ಸದಸ್ಯರು ನಗುತ್ತಿದ್ದರು. ನಗಲಿ, ಎಲ್ಲರೂ ಅಣ್ಣನ ಕಡೆ ತಿರುಗುತ್ತಿದ್ದರು.

ಶಾಂತಿ ಸಭೆಗಳ ಬಗ್ಗೆ ಕೇಳಿದ ಪ್ರಶ್ನೆ ನನಗೆ ಇಷ್ಟವಾದದ್ದು. ಗಣೇಶ ಚೌತಿ, ಈದ್ ಮಿಲಾದ್ ಬಂದಾಗ ಠಾಣೆಗಳಲ್ಲಿ ಸಭೆ ಕರೆಯುತ್ತಾರೆ. ನಾನು ಕಂಡ ಸಭೆಗಳಲ್ಲೆಲ್ಲ ಅದೇ ಹತ್ತು ಹನ್ನೆರಡು ಹಿರಿಯರು, ಅದೇ ಗೋಳಿಬಜೆ, ಅದೇ "ನಮ್ಮ ಊರಿನಲ್ಲಿ ಹಾಗೇನಿಲ್ಲ" ಎಂಬ ಮಾತು. ಪ್ರಶ್ನೆಯಲ್ಲಿ ಕೇಳಿದ್ದು: ಕಳೆದ ಮೂರು ವರ್ಷಗಳ ಸಭೆಗಳಲ್ಲಿ ಭಾಗವಹಿಸಿದ ಮಹಿಳೆಯರು ಎಷ್ಟು, ಮೂವತ್ತು ವರ್ಷದೊಳಗಿನವರು ಎಷ್ಟು? ಆ ರೀತಿಯ ಮಾಹಿತಿ ನಿರ್ವಹಿಸುತ್ತಿಲ್ಲ ಎಂದು ಉತ್ತರ ಬಂತು. ಆದರೆ ಉತ್ತರ ತಯಾರಿಸಲಿಕ್ಕೆ ಮೇಲಿನಿಂದ ಪ್ರತಿ ಠಾಣೆಗೂ ಪತ್ರ ಹೋಗಿತ್ತಲ್ಲ! ಮುಂದಿನ ಸಭೆಗೆ ನಮ್ಮ ಕಡೆಯ ಒಂದು ಠಾಣೆಯಿಂದ ಕ್ರಿಕೆಟ್ ಟೀಮಿನ ಹುಡುಗರಿಗೂ ಬೀಡಿ ಕಟ್ಟುವ ಹೆಂಗಸರ ಸಂಘಕ್ಕೂ ಕರೆ ಹೋಯಿತು. ಬಂದವರು ಮಾತಾಡಿದರೋ ಗೋಳಿಬಜೆ ತಿಂದು ಹೋದರೋ ನಾನು ನೋಡಲಿಲ್ಲ.

ಎಲ್ಲವೂ ಹೀಗೆ ದಡ ಮುಟ್ಟಲಿಲ್ಲ. 2022ರ ಜುಲೈ ಕೊನೆಗೆ ಬೆಳ್ಳಾರೆ, ಸುರತ್ಕಲ್ ಕಡೆ ಹತ್ತು ದಿನಗಳ ಒಳಗೆ ಮೂವರು ಯುವಕರ ಕೊಲೆಯಾಯಿತು. ಪರಿಹಾರ ಯಾವ ಮನೆಗೆ ಬಂತು, ಯಾವ ಮನೆಗೆ ಬರಲಿಲ್ಲ ಎಂಬುದೇ ಊರೂರಿನ ಮಾತು. ಸೆಪ್ಟೆಂಬರ್ ಅಧಿವೇಶನಕ್ಕೆ ನಾನೊಂದು ಪ್ರಶ್ನೆ ತಯಾರಿಸಿದೆ. ಹೆಸರಿಲ್ಲ, ಧರ್ಮವಿಲ್ಲ, ಊರಿಲ್ಲ. ಇಂಥ ಕೊಲೆಗಳಲ್ಲಿ ಸಂತ್ರಸ್ತ ಕುಟುಂಬಗಳಿಗೆ ಪರಿಹಾರ ಮಂಜೂರು ಮಾಡಲು ಅನುಸರಿಸುತ್ತಿರುವ ಮಾನದಂಡವೇನು, ಯಾವ ಆದೇಶದಡಿ, ಆದೇಶದ ಪ್ರತಿ ಒದಗಿಸುವುದು. ಮೂರು ಸಾಲು. ನಾನು ಬರೆದದ್ದರಲ್ಲಿ ಅತಿ ಚಿಕ್ಕದು ಮತ್ತು, ನನ್ನ ಮಟ್ಟಿಗೆ, ಅತಿ ಒಳ್ಳೆಯದು.

ಅಣ್ಣ ಎರಡು ಸಲ ಓದಿದರು. ಪೆನ್ನು ತೆಗೆದರು, ಕ್ಯಾಪು ಹಾಕಿದರು. "ಈ ಸಲ ಬೇಡ ಮಾರಾಯ" ಎಂದರು. ನಾನು ಯಾಕೆ ಎಂದು ಕೇಳಲಿಲ್ಲ. ಅವರಿಗೂ ಊರಿಗೆ ವಾಪಸು ಬರಬೇಕಿತ್ತು, ನನಗೂ. ಆಮೇಲಿನ ಅಧಿವೇಶನಗಳಲ್ಲಿ ಮತ್ತೆ ತೆಗೆದು ಇಡಬಹುದಿತ್ತು, ಇಡಲಿಲ್ಲ. ಅದು ಅಣ್ಣನ ತಪ್ಪಲ್ಲ.

2024ರಲ್ಲಿ ಕೆಲಸ ಬಿಡುವಾಗ ಎಲ್ಲ ಕಡತಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಹೊಸ ಹುಡುಗನಿಗೆ ಕೊಟ್ಟೆ. ವರ್ಷವಾರು ಫೋಲ್ಡರ್, ಇಲಾಖಾವಾರು ಉತ್ತರ. ಮಾರನೇ ದಿನ ಅವನ ಫೋನು: "ಸರ್, 2022ರಲ್ಲಿ 'ಮಾನದಂಡ, ಕಳಿಸಿಲ್ಲ' ಅಂತ ಒಂದು ಫೈಲ್ ಉಂಟಲ್ಲ, ಅದು ಡಿಲೀಟ್ ಮಾಡ್ಲಿಕ್ಕಾ?"

ಬೇಡ, ಇರಲಿ ಎಂದೆ.