ಓಣಿ ಬೇಕರಿಯಲ್ಲಿ ಒಳ್ಳೆ ಮಾಲು ಸಿಗಬೇಕೆಂದರೆ

ಹುಬ್ಬಳ್ಳಿಗೆ ಹೊಸಬರಾಗಿದ್ದರೆ ಮೊದಲು ಭಾಷೆ ತಿಳ್ಕೊಳ್ಳಿ. ಇಲ್ಲಿ "ಖಾರಿ ಕೊಡ್ರಿ" ಅಂದರೆ ಖಾರದ ಬಿಸ್ಕೆಟ್ ಸಿಗುವುದಿಲ್ಲ. ಪದರು ಪದರಾಗಿ ಉಬ್ಬಿದ, ಚಹಾದಲ್ಲಿ ಅದ್ದಿ ತಿನ್ನುವ ಉಪ್ಪುಪ್ಪು ಖಾರಿ ಸಿಗುತ್ತದೆ. ಅದರಲ್ಲಿ ಮೆಣಸಿನಕಾಯಿಯ ಸುಳಿವೂ ಇಲ್ಲ. ಬೆಂಗಳೂರು ಕಡೆಯಿಂದ ಬಂದು ವಿದ್ಯಾನಗರದಲ್ಲಿ ರೂಮ್ ಮಾಡಿದ ನನ್ನ ಗೆಳೆಯ ಖಾರ ಬಿಸ್ಕೆಟ್ ಅಂದ್ಕೊಂಡು ಅರ್ಧ ಕೆಜಿ ಖಾರಿ ಕಟ್ಟಿಸಿಕೊಂಡು ಬಂದಿದ್ದ. ಖಾರಿ ಬಲು ಹಗುರ. ಅರ್ಧ ಕೆಜಿ ಅಂದರೆ ತಲೆದಿಂಬಿನಷ್ಟು ಚೀಲ. ಎರಡು ವಾರ ಪಾಪ ಅದನ್ನೇ ತಿಂದ. ಇನ್ನು 'ಟೋಸ್ಟ್' ಅಂದರೆ ಇಲ್ಲಿ ಬಹಳ ಮಂದಿಗೆ ರಸ್ಕು. 'ಬಟರ್' ಅಂದರೆ ಬೆಣ್ಣೆ ಅಲ್ಲ, ಗುಂಡಗಿನ ಒಣ ಬಿಸ್ಕೆಟ್ಟು. 'ಪಾವ್' ತಿನ್ನುವಂಥದ್ದು, 'ಪಾವ್ ಕೆಜಿ' ಅಂದರೆ ಕಾಲು ಕೆಜಿ.

ಊರಲ್ಲಿ ಎರಡು ಥರದ ಬೇಕರಿ ಇವೆ, ಯಾವುದರಲ್ಲಿ ಏನು ತಗೋಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗೀತು. ಒಂದು, ಖಾರಿ-ಟೋಸ್ಟ್-ಪಾವ್ ಮಾಡುವ ಹಳೇ ಭಟ್ಟಿ. ಇನ್ನೊಂದು, ಅಯ್ಯಂಗಾರ್ ಬೇಕರಿ. ಈ ಅಯ್ಯಂಗಾರ್ ಬೇಕರಿ ಅನ್ನುವುದರ ಬೇರು ಹಾಸನದ ಕಡೆಯದು. ಅಲ್ಲಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಅಂಗಡಿಯಿಂದ ಈ ಪರಂಪರೆ ಬೆಳೀತು, ಆಮೇಲೆ ರಾಜ್ಯದ ತುಂಬ ಹಬ್ಬಿತು. ದಿಲ್‌ಪಸಂದ್, ಹನಿ ಕೇಕ್, ಪಲ್ಯದ ಬನ್, ಖಾರ ಬ್ರೆಡ್, ಬೆಣ್ಣೆ ಬಿಸ್ಕೆಟ್ ಬೇಕಾದರೆ ಇಲ್ಲಿಗೆ ಹೋಗಿ. ಚಹಾಕ್ಕೆ ಖಾರಿ, ಟೋಸ್ಟ್, ಬಟರ್ ಬೇಕಾದರೆ ಭಟ್ಟಿಯೇ ಸರಿ. ಎಲ್ಲ ಕಡೆ ಎಲ್ಲ ಇಟ್ಟಿರುತ್ತಾರೆ, ಆದರೆ ಒಂದು ಕಡೆ ಮಾಡಿದ್ದು, ಇನ್ನೊಂದು ಕಡೆ ತರಿಸಿದ್ದು. "ಇದು ನೀವೇ ಮಾಡೀರೇನ್ರಿ, ತರಿಸೀರೇನ್ರಿ?" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. (ಪೇಢಾ ಮಾತ್ರ ಯಾವ ಬೇಕರಿಯಲ್ಲೂ ಕೇಳಬೇಡಿ. ಅದಕ್ಕೆ ಧಾರವಾಡದ ಲೈನ್ ಬಜಾರ್ ಇದೆ.)

ಎಲ್ಲಕ್ಕಿಂತ ದೊಡ್ಡ ವಿಷಯ ಹೋಗುವ ಹೊತ್ತು. ಬೇಕರಿಯ ಮಾಲಿಗೆ ಗಡಿಯಾರ ಇದೆ. ನಮ್ಮ ಓಣಿಯ ಬೇಕರಿಯಲ್ಲಿ ಬ್ರೆಡ್ಡು ಬನ್ನು ಬೆಳಗ್ಗೆಯೇ ಬರುತ್ತವೆ, ಪಫ್ ಹನ್ನೊಂದರ ಸುಮಾರಿಗೆ ಒಂದು ಸಲ, ಸಂಜೆ ಶಾಲೆ ಬಿಡುವ ಹೊತ್ತಿಗೆ ಇನ್ನೊಂದು ಸಲ. ಮಧ್ಯಾಹ್ನ ಎರಡೂವರೆಗೆ ಹೋಗಿ ಪಫ್ ತಗೊಂಡು "ರಬ್ಬರ್ ಥರ ಇದೆ" ಅಂತ ಗೊಣಗಿದರೆ ತಪ್ಪು ಪಫ್‌ದಲ್ಲ. ನಿಮ್ಮ ಬೇಕರಿಯ ಹೊತ್ತು ಬೇರೆ ಇರಬಹುದು. ಎರಡು ಮೂರು ದಿನ ಬೇರೆ ಬೇರೆ ವೇಳೆಗೆ ಹೋಗಿ ಬನ್ನಿ, ಇಲ್ಲಾಂದ್ರೆ ನೇರ ಕೇಳಿಬಿಡಿ: "ಪಫ್ ಬಿಸೀವು ಎಷ್ಟೊತ್ತಿಗೆ ಬರ್ತಾವ್ರಿ?" ಯಾರೂ ಗುಟ್ಟು ಮಾಡುವುದಿಲ್ಲ. ಬದಲಿಗೆ ಇವರು ತಿಳಿದವರು ಅಂತ ನೋಡುತ್ತಾರೆ. ಕೌಂಟರಿನ ಲೆಕ್ಕ ಸರಳ: ಕೇಳದವರಿಗೆ ಮುಂದಿನ ಟ್ರೇ, ಕೇಳಿದವರಿಗೆ ಹಿಂದಿನ ಟ್ರೇ. ನಿನ್ನೆಯದನ್ನು ಮೊದಲು ಖಾಲಿ ಮಾಡಬೇಕು ಅನ್ನುವುದು ಅವರ ಕಷ್ಟ, ಅದನ್ನು ನಾನು ಮೋಸ ಅನ್ನುವುದಿಲ್ಲ. ಆದರೆ ನಿನ್ನೆಯದು ನನಗೇ ಯಾಕೆ?

ಬ್ರೆಡ್ಡಿನ ವಿಷಯದಲ್ಲಿ ಉಲ್ಟಾ. ಬಿಸಿ ಬಿಸಿ ಬ್ರೆಡ್ ಸಿಕ್ಕಿತು ಅಂತ ಖುಷಿಯಲ್ಲಿ "ಕಟ್ ಮಾಡಿ ಕೊಡ್ರಿ" ಅಂದರೆ ಕೆಲಸ ಕೆಡುತ್ತದೆ. ಒಲೆಯಿಂದ ಈಗಷ್ಟೇ ಬಂದ ಬ್ರೆಡ್ಡಿನ ಒಳಗೆ ಇನ್ನೂ ಹಬೆ ಇರುತ್ತದೆ. ಮಷೀನಿಗೆ ಹಾಕಿದರೆ ಹೋಳು ಸರಿಯಾಗಿ ಬರುವುದಿಲ್ಲ, ಅಂಟಂಟಾಗಿ ಜಜ್ಜಿಹೋಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೆ ನೀರು ಬೆವರುತ್ತದೆ. ಬಿಸಿದು ಬೇಕೇ ಬೇಕು ಅಂದರೆ ಕೊಯ್ಯಿಸದೆ ಇಡಿಯಾಗಿ ಕಾಗದದ ಕವರಿನಲ್ಲಿ ತಗೊಂಡು ಹೋಗಿ, ಮನೆಯಲ್ಲಿ ಒಂದೆರಡು ತಾಸು ಬಿಟ್ಟು ಕೊಯ್ಯಿರಿ. ಬೆರಳಿಂದ ಮೆಲ್ಲಗೆ ಒತ್ತಿ ನೋಡುವುದೂ ಒಂದು ಪರೀಕ್ಷೆ, ಒತ್ತಿದ್ದು ಮೇಲೆ ಎದ್ದು ಬರಬೇಕು. ಕವರಿನ ಮೇಲಿಂದಲೇ ಒತ್ತಿರಿ, ಬರಿಗೈಯಿಂದ ಒತ್ತಿ ವಾಪಸ್ ಇಡುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ, ಅಂಗಡಿಯವರಿಗೆ ಬರಲ್ವಾ? ಇನ್ನೊಂದು, ಹತ್ತಿಯ ಹಾಗೆ ವಿಪರೀತ ಉಬ್ಬಿದ್ದೇ ಒಳ್ಳೆ ಬ್ರೆಡ್ ಅಂತಲ್ಲ. ಹಾಗೆ ಉಬ್ಬಿಸೋಕೆ ಹಿಂದೆ ಪೊಟ್ಯಾಸಿಯಂ ಬ್ರೋಮೇಟ್ ಹಾಕುತ್ತಿದ್ದರು, 2016ರಲ್ಲಿ ಅದು ನಿಷೇಧವಾಯಿತು.

ಖಾರಿ, ಬಿಸ್ಕೆಟ್ಟಿಗೆ ಬಾಯೇ ಪರೀಕ್ಷೆ. ಒಂದು ತುಂಡು ಕೇಳಿ, ಹೆಚ್ಚಿನವರು ಕೊಡುತ್ತಾರೆ. ತಿಂದ ಮೇಲೆ ಅಂಗುಳಕ್ಕೆ ಮೇಣ ಹತ್ತಿದ ಹಾಗೆ ಆಯ್ತಾ? ಹಾಗಿದ್ದರೆ ಅದು ಡಾಲ್ಡಾ ಜಾತಿಯ ಗಟ್ಟಿ ಕೊಬ್ಬು, ಬಾಯಿಯ ಬಿಸಿಗೆ ಪೂರ್ತಿ ಕರಗುವುದಿಲ್ಲ. ಬಿಸ್ಕೆಟ್ಟಿನಲ್ಲಿ ಮೂಗಿಗೆ ಚುರ್ ಅನ್ನುವ ವಾಸನೆ ಬಂದರೆ ಅದು ಉಬ್ಬಲು ಹಾಕಿದ ಅಮೋನಿಯ. ಚೆನ್ನಾಗಿ ಬೆಂದಿದ್ದರೆ ಅದು ಹಾರಿಹೋಗುತ್ತದೆ. ವಾಸನೆ ಉಳಿದಿದೆ ಅಂದರೆ ಬೇಗ ತೆಗೆದಿದ್ದಾರೆ ಅಂತ ಅರ್ಥ.

ತತ್ತಿ ತಿನ್ನದವರು ಬಾಯಿಬಿಟ್ಟು ಕೇಳಲೇಬೇಕು. "ಇದಕ್ಕ ತತ್ತಿ ಹಾಕೀರೇನ್ರಿ?" ಬೋರ್ಡಿನಲ್ಲಿ ಅಯ್ಯಂಗಾರ್ ಅಂತ ಇದೆ ಅಂದ ಮಾತ್ರಕ್ಕೆ ತತ್ತಿ ಇಲ್ಲ ಅಂತ ಅಂದ್ಕೋಬೇಡಿ, ಆ ಹೆಸರನ್ನು ಈಗ ಯಾರು ಬೇಕಾದರೂ ಹಾಕುತ್ತಾರೆ. ಪ್ಯಾಕೆಟ್ ಆದರೆ ಹಸಿರು ಗುರುತು ನೋಡಬಹುದು, ಬಿಡಿ ಮಾಲಿಗೆ ಆ ಗುರುತು ಎಲ್ಲಿಂದ ಬರಬೇಕು? ಮಡಿ ಜಾಸ್ತಿ ಇರುವ ಮನೆಗೆ ಒಯ್ಯುವುದಾದರೆ ಟ್ರೇ, ಬೀಟರ್ ಬೇರೆ ಇದೆಯಾ ಅಂತಲೂ ಕೇಳಿ. ಶ್ರಾವಣದಲ್ಲಿ ಈ ಪ್ರಶ್ನೆ ದಿನಕ್ಕೆ ನೂರು ಸಲ ಕೇಳಿರುತ್ತಾರೆ, ಬೇಜಾರಿಲ್ಲದೆ ಹೇಳುತ್ತಾರೆ.

ಈಗ ಕೇಕು. ಇಲ್ಲಿ ನಾನೇ ಪೆಟ್ಟು ತಿಂದವನು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಅವ್ವನ 75ನೇ ಹುಟ್ಟುಹಬ್ಬಕ್ಕೆ ಅರ್ಧ ಕೆಜಿ ಕೇಕ್ ಹೇಳಿದ್ದೆ, ಯಾವ ಬೇಕರಿ ಅಂತ ಬೇಡ. ಫೋನಿನಲ್ಲೇ ಹೇಳಿದೆ, "ಕನ್ನಡದಾಗ ಬರೀರಿ, ಹುಟ್ಟುಹಬ್ಬದ ಶುಭಾಶಯ ಅವ್ವ ಅಂತ." ಸಂಜೆ ಡಬ್ಬಿ ಇಸ್ಕೊಂಡು, ತೆಗೆದೂ ನೋಡದೆ ಸ್ಕೂಟರಿನ ಮುಂದೆ ಇಟ್ಟು ಮನೆಗೆ ಬಂದೆ. ಎಲ್ಲರೂ ಸುತ್ತ ನಿಂತಿದ್ದಾರೆ, ಮೇಣದಬತ್ತಿ ಹಚ್ಚಿದ್ದಾಗಿದೆ, ಡಬ್ಬಿ ತೆಗೆದರೆ ಗುಲಾಬಿ ಕ್ರೀಮಿನಲ್ಲಿ "ಹುಟುಹಬದ ಶುಭಾಶಯ ಅವ". ಒಂದಾದರೂ ಒತ್ತಕ್ಷರ ಇಲ್ಲ. ಅವ್ವ ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಕಲಿಸಿದವಳು. ಕನ್ನಡಕ ಸರಿ ಮಾಡಿಕೊಂಡು ಓದಿದಳು, "ಒತ್ತು ಎಲ್ಲಿ ಹೋದ್ವೋ ತಮ್ಮಾ?" ಅಂದಳು. ಆಮೇಲೆ ಚಾಕು ತಗೊಂಡು ಮೊದಲು ಕೊಯ್ದಿದ್ದು ಆ 'ಅವ' ಇದ್ದ ತುಂಡನ್ನೇ.

ಮಾರನೇ ದಿನ ಹೋಗಿ ಕೇಳಿದಾಗ ಗೊತ್ತಾಯಿತು, ಕೇಕ್ ಬರೆಯುವ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಕೌಂಟರಿನವರು ಚೀಟಿಯಲ್ಲಿ ಗೀಚಿ ಕೊಟ್ಟದ್ದನ್ನು ಚಿತ್ರದ ಹಾಗೆ ನೋಡಿ ಬರೆದಿದ್ದಾನೆ, ಕೆಳಗಿನ ಸಣ್ಣ ಅಕ್ಷರ ಗೀಚು ಅಂತ ಬಿಟ್ಟಿದ್ದಾನೆ. ಆ ಹುಡುಗನದ್ದೇನು ತಪ್ಪು. ಅಂದಿನಿಂದ ನಾನು ಹೀಗೆ ಮಾಡುತ್ತೇನೆ: ಬರೆಯಬೇಕಾದ್ದನ್ನು ಕಾಗದದ ಮೇಲೆ ದೊಡ್ಡದಾಗಿ, ಒತ್ತುಗಳನ್ನು ಇನ್ನೂ ದೊಡ್ಡದಾಗಿ ಬರೆದು ಕೊಡುತ್ತೇನೆ. ಬರೆಯುವಾಗ ಹತ್ತು ನಿಮಿಷ ಅಲ್ಲೇ ನಿಲ್ಲುತ್ತೇನೆ. ಅರ್ಧ ಕೆಜಿ ಕೇಕಿನ ಮೇಲೆ ಒತ್ತಕ್ಷರಕ್ಕೆ ಜಾಗವೇ ಸಾಲುವುದಿಲ್ಲ, ಹಾಗಾಗಿ ಬರೀ ಹೆಸರು, ವಯಸ್ಸು ಸಾಕು. ಉದ್ದ ಬರೆಸಬೇಕು ಅಂದರೆ ಒಂದು ಕೆಜಿ ಹೇಳಿ. ಅಳತೆ ಬೇಕಾದರೆ, ಅರ್ಧ ಕೆಜಿ ಐದಾರು ಮಂದಿಗೆ, ಒಂದು ಕೆಜಿ ಹತ್ತು ಹನ್ನೆರಡು ಮಂದಿಗೆ ಆಗುತ್ತದೆ, ಮಕ್ಕಳು ಜಾಸ್ತಿ ಇದ್ದರೆ ನಿಮ್ಮ ಪುಣ್ಯ. ಏನೇ ಆದರೂ ಅಂಗಡಿಯಲ್ಲೇ ಡಬ್ಬಿ ತೆಗೆಸಿ ನೋಡಿ.

ಯಾವ ಕ್ರೀಮ್ ಅಂತಲೂ ಕೇಳಿ. ಹೆಚ್ಚಿನ ಕಡೆ ಹಾಕುವುದು ಹಾಲಿನದ್ದಲ್ಲ, ಎಣ್ಣೆಯಿಂದ ಮಾಡಿದ ವಿಪ್ಪಿಂಗ್ ಕ್ರೀಮ್, ಅದು ಬಿಸಿಲಿಗೆ ಸ್ವಲ್ಪ ತಡೆಯುತ್ತದೆ. ನಿಜವಾದ ಹಾಲಿನ ಕೆನೆ ಹಾಕಿಸಿದರೆ ರುಚಿ ಬೇರೆಯೇ, ಆದರೆ ಏಪ್ರಿಲ್ ಮೇ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲಿ ಕೇಶ್ವಾಪುರದಿಂದ ನವನಗರ ಮುಟ್ಟುವುದರೊಳಗೆ ಗುಲಾಬಿ ಹೂವೆಲ್ಲ ಇಳಿದು ಹೋಗಿರುತ್ತದೆ. ಬೇಸಿಗೆಯಲ್ಲಿ ಸಂಜೆ ತನ್ನಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಡಬೇಡಿ. ಹಿಂದೆ ಕೂತವರು ತೊಡೆಯ ಮೇಲೆ ಸಮವಾಗಿ ಹಿಡ್ಕೊಳ್ಳಲಿ. ಹೆಸ್ಕಾಂನವರು ದಿನವಿಡೀ ಕರೆಂಟ್ ತೆಗೆದ ದಿನ ಶೋಕೇಸಿನ ಕ್ರೀಮ್ ಪೇಸ್ಟ್ರಿ ಬೇಡ, ಒಣ ಕೇಕ್ ತಗೊಳ್ಳಿ.

ಮನೆಗೆ ತಂದ ಮೇಲೆ ಎರಡೇ ಮಾತು. ಬ್ರೆಡ್ ಫ್ರಿಜ್ಜಿನಲ್ಲಿಟ್ಟರೆ ಬೂಸ್ಟು ತಡವಾಗಿ ಬರುತ್ತದೆ ನಿಜ, ಆದರೆ ತಂಪಿಗೆ ಅದರೊಳಗಿನ ಗಂಜಿ ಗಟ್ಟಿಯಾಗಿ ಹೊರಗಿಟ್ಟಿದ್ದಕ್ಕಿಂತ ಬೇಗ ಬಿರುಸಾಗುತ್ತದೆ. ಎರಡು ದಿನಕ್ಕೆ ಆಗುವಷ್ಟೇ ತನ್ನಿ, ಉಳಿದರೆ ಫ್ರೀಜರಿಗೆ ಹಾಕಿ. ಮಳೆಗಾಲದಲ್ಲಿ ಖಾರಿ ಮೆತ್ತಗಾದರೆ ಎಸೆಯಬೇಡಿ, ಸಣ್ಣ ಉರಿಯ ತವೆಯ ಮೇಲೆ ಮೂರ್ನಾಲ್ಕು ನಿಮಿಷ ಇಟ್ಟು ಆರಲು ಬಿಡಿ, ಆರಿದ ಮೇಲೆ ಮತ್ತೆ ಗರಿಗರಿ. ಪಫ್‌ಗೂ ಇದೇ. ಮೈಕ್ರೋವೇವ್ ಬೇಡ.

ದುಡ್ಡಿನ ವಿಷಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ರಾಜ್ಯದ ಎಷ್ಟೋ ಬೇಕರಿಗಳು ಕ್ಯೂಆರ್ ಕೋಡ್ ತೆಗೆದಿಟ್ಟಿದ್ದು ನೆನಪಿದೆಯಲ್ಲ, ಅದಾದ ಮೇಲೆ ಜೇಬಿನಲ್ಲಿ ಸ್ವಲ್ಪ ಚಿಲ್ಲರೆ ಇಟ್ಕೊಳ್ಳುವುದು ನನಗೆ ರೂಢಿಯಾಗಿದೆ. ಆ ವರ್ಷದ ಸೆಪ್ಟೆಂಬರ್ 22ರಿಂದ ಕೇಕ್, ಬಿಸ್ಕೆಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಸಾದಾ ಬ್ರೆಡ್ಡಿಗೆ ಇಲ್ಲವೇ ಇಲ್ಲ. ಬಿಲ್ಲಿನಲ್ಲಿ ಹಳೇ ಲೆಕ್ಕ ಕಂಡರೆ ಕೇಳಿ. ತೂಕದ ಮಾಲಿಗೆ ಡಬ್ಬಿಯನ್ನೂ ಸೇರಿಸಿ ತೂಗಿದರೆ, "ಡಬ್ಬಿ ತೂಕ ತೆಗೀರಿ" ಅಂತ ನಗುತ್ತಲೇ ಹೇಳಿ.

ಮಾಲು ಕೆಟ್ಟಿತ್ತು ಅಂತಿಟ್ಕೊಳ್ಳಿ. ಅದೇ ದಿನ, ಬಿಲ್ಲಿನ ಜೊತೆ, ತಿಂದು ಉಳಿದದ್ದನ್ನು ತಗೊಂಡು ಹೋಗಿ. ಸಂಜೆ ಆರರ ಗದ್ದಲದಲ್ಲಿ ಬೇಡ, ಗಿರಾಕಿ ಕಡಿಮೆ ಇದ್ದಾಗ. ಕೌಂಟರಿನ ಹುಡುಗನ ಮೇಲೆ ಕೂಗಾಡಿ ಉಪಯೋಗವಿಲ್ಲ, ಅವನ ಕೈಯಲ್ಲಿ ಏನೂ ಇಲ್ಲ. "ಸಾವ್ಕಾರ್ರ, ಸ್ವಲ್ಪ ಇದನ್ನ ನೋಡ್ರಿ" ಅಂತ ಮಾಲಕರ ಕೈಗೆ ಕೊಡಿ. ಓಣಿ ಅಂಗಡಿಯವರಿಗೆ ನಾಳೆಯೂ ನೀವು ಬೇಕು, ಹತ್ತರಲ್ಲಿ ಎಂಟು ಸಲ ಬದಲಿಸಿ ಕೊಡುತ್ತಾರೆ, ಇದು ನನ್ನ ಅನುಭವದ ಲೆಕ್ಕ. ಬೂಸ್ಟು, ಹುಳ ಅಂಥದ್ದಿದ್ದೂ ಕ್ಯಾರೇ ಅನ್ನದಿದ್ದರೆ ಆಗ ಗೋಡೆಯ ಮೇಲಿನ 14 ಅಂಕಿಯ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ) ನಂಬರಿನ ಫೋಟೋ ತಗೊಳ್ಳಿ. 2022ರಿಂದ ಬಿಲ್ಲಿನ ಮೇಲೂ ಅದು ಇರಬೇಕು. ಆ ಸಂಸ್ಥೆಯ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪಿನಲ್ಲಿ ದೂರು ಕೊಡಬಹುದು. ಒಂದು ಪಫ್ ಆರಿತ್ತು ಅಂತ ಒಂದು ಸ್ಟಾರ್ ಒತ್ತಿ ಬರುವವರಿಗೆ ಮಾತ್ರ ನನ್ನ ಸಹಾನುಭೂತಿ ಇಲ್ಲ. ಬರೆಯುವುದಾದರೆ ಯಾವ ಮಾಲು, ಯಾವ ಹೊತ್ತು ಅಂತ ಬರೀರಿ, ಓದಿದವರಿಗಾದರೂ ಉಪಯೋಗ ಆಗಲಿ.

ಕೊನೆಗೆ ರಾತ್ರಿಯ ವ್ಯಾಪಾರ. ಒಂಬತ್ತರ ಸುಮಾರಿಗೆ ಕೆಲವು ಬೇಕರಿಗಳಲ್ಲಿ ಉಳಿದ ಬನ್ನು, ಬ್ರೆಡ್ಡು ಕಡಿಮೆಗೆ ಬಿಡುತ್ತಾರೆ. ಬೋರ್ಡ್ ಹಾಕಿರುವುದಿಲ್ಲ, ನಾಲ್ಕು ಸಲ ಕಂಡ ಮುಖವಾದರೆ ಅವರೇ ಹೇಳುತ್ತಾರೆ. ಬೆಳಗಿನ ಮಸಾಲೆ ಟೋಸ್ಟಿಗೆ ಆ ಬ್ರೆಡ್ ಭರ್ಜರಿ, ತಾಜಾಕ್ಕಿಂತ ಚೆನ್ನಾಗಿ ಗರಿಯಾಗುತ್ತದೆ. ಪಲ್ಯದ ಬನ್ನು, ಕ್ರೀಮ್ ಬನ್ನು ಮಾತ್ರ ಆ ಹೊತ್ತಿನಲ್ಲಿ ಪುಕ್ಕಟೆ ಕೊಟ್ಟರೂ ಬೇಡ. ಶಟರ್ ಅರ್ಧ ಇಳಿದ ಮೇಲಂತೂ ಬಗ್ಗಿ ಒಳಗೆ ಇಣುಕಬೇಡಿ, ದಿನದ ಲೆಕ್ಕ ಹಾಕುತ್ತಿರುತ್ತಾರೆ. ಆಗ ಚಿಲ್ಲರೆಯೂ ಸಿಗುವುದಿಲ್ಲ, ಮುಖವೂ ಸಿಗುವುದಿಲ್ಲ.